ನರಳದೆ ನಿಂತ ಗಾಡಿ

ಅಕ್ಕನ ಎಲೆಕ್ಟ್ರಿಕ್ ಗಾಡಿಗೆ ಲಿಥಿಯಂ ಬ್ಯಾಟರಿ ಹಾಕಿದವನು ನಾನೇ. ಮೊದಲ ಎರಡು ದಿನ ಈ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೆ. ಆಮೇಲೆ ಎಷ್ಟೋ ವರ್ಷ, ಯಾರಾದರೂ ಕೇಳಿದರೆ ಮಾತು ತಿರುಗಿಸಿಬಿಡುತ್ತಿದ್ದೆ. ಈಗ ಜಂಬವೂ ಬೇಡ, ನಾಚಿಕೆಯೂ ಬೇಡ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮದು ಹಿಂದೂಪುರದಲ್ಲಿ ನೇಯ್ಗೆಯವರ ಮನೆ. ಮಗ್ಗ ತುಳಿಯಬೇಕಾದರೆ ಎರಡು ಕಾಲು ಬೇಕು. ಅಕ್ಕನಿಗೆ ಮೂರು ವರ್ಷವಾಗಿದ್ದಾಗ ಪೋಲಿಯೋ ಬಂದು ಬಲಗಾಲು ಮಂಡಿಯಿಂದ ಕೆಳಗೆ ಸೊರಗಿಹೋಗಿತ್ತು. ಅಪ್ಪ, ಅಮ್ಮ, ಒಂದಷ್ಟು ದಿನ ನಾನೂ ಮಗ್ಗದ ಗುಂಡಿಗಿಳಿದೆವು. ಅವಳಿಗೆ ಮಾತ್ರ ಮೂಲೆಯಲ್ಲಿ ಕೂತು ನೂಲು ಸುತ್ತುವ ಕೆಲಸ. ಅಪ್ಪ ಅದನ್ನು ಪ್ರೀತಿಯಿಂದಲೇ ಕೊಟ್ಟಿದ್ದ. ಅವಳಿಗೆ ಆ ಮೂಲೆ ಕಂಡರೆ ಮೈ ಉರಿಯುತ್ತಿತ್ತು. ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷಿನ್ ಕಲಿತಳು, ಹಠ ಹಿಡಿದು ಕಲ್ಯಾಣದುರ್ಗಕ್ಕೆ ಹೋದಳು. ಅಲ್ಲಿಂದ ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯೊಂದರಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಸೆಂಟರಿತ್ತು, ಅಲ್ಲಿ ಅವಳೇ ಟೀಚರು. ಆ ಹಳ್ಳಿಯಲ್ಲಿ ಅವಳ ಕಾಲಿಗೆ ಒಗ್ಗುವ ಬಚ್ಚಲಿರುವ ಮನೆ ಸಿಗದೆ, ಕಲ್ಯಾಣದುರ್ಗದಲ್ಲೇ ಒಂದು ರೂಮು ಮಾಡಿಕೊಂಡಿದ್ದಳು. ಹಳ್ಳಿಗೆ ಹೋಗುವ ಜೀಪುಗಳಲ್ಲಿ ಜನ ಹಿಂದೆ ಮುಂದೆ ಜೋತಾಡುತ್ತಿದ್ದರು. ಊರುಗೋಲು ಹಿಡಿದು ಅದಕ್ಕೆ ಹತ್ತುವುದು ಸಾಧ್ಯವಿರಲಿಲ್ಲ. ಅದಕ್ಕೇ ಈ ಎಲೆಕ್ಟ್ರಿಕ್ ಸ್ಕೂಟರ್. ಹಿಂದೂಪುರದ ವೆಲ್ಡಿಂಗ್ ಅಂಗಡಿಯಲ್ಲಿ ಅದರ ಹಿಂದುಗಡೆ ಅಕ್ಕಪಕ್ಕ ಎರಡು ಪುಟ್ಟ ಚಕ್ರ ಹಾಕಿಸಿದ್ದೆವು. ಊರುಗೋಲನ್ನು ಸೈಕಲ್ ಟ್ಯೂಬಿನಿಂದ ಪಕ್ಕಕ್ಕೆ ಬಿಗಿದು ಹೊರಟಳೆಂದರೆ ಅವಳನ್ನು ಹಿಡಿಯುವವರಿರಲಿಲ್ಲ.

ಸೀಟಿನ ಕೆಳಗೆ ನಾಲ್ಕು ಸೀಸದ ಬ್ಯಾಟರಿ. ಮೊದಲ ವರ್ಷ ಚೆನ್ನಾಗಿಯೇ ಓಡಿದವು. ಎರಡನೇ ವರ್ಷ ಸಂಜೆ ವಾಪಸು ಬರುವಾಗ ದಾರಿಯಲ್ಲೇ ಸುಸ್ತಾಗತೊಡಗಿದವು. ಸೀಸದ ಬ್ಯಾಟರಿಯ ಗುಣವೇ ಹಾಗೆ, ಸಾಯುವ ಮುಂಚೆ ಬಹಳ ಹೊತ್ತು ನರಳುತ್ತದೆ. ಮೋಟಾರಿನ ಸದ್ದು ಇಳಿಯುತ್ತದೆ, ಹಾರ್ನ್ ಗಂಟಲು ಕಟ್ಟಿದಂತೆ ಕೂಗುತ್ತದೆ. ಅಕ್ಕ ಅದನ್ನೆಲ್ಲ ಕಲಿತುಬಿಟ್ಟಿದ್ದಳು. ಸದ್ದು ಇಳಿದ ಕೂಡಲೇ ಒಂದು ಹುಣಸೆ ಮರದ ಕೆಳಗೋ, ಬೋರ್‌ವೆಲ್ ಶೆಡ್ಡಿನ ಹತ್ತಿರವೋ ನಿಲ್ಲಿಸುವಳು. ಹತ್ತು ನಿಮಿಷ ಬಿಟ್ಟರೆ ಬ್ಯಾಟರಿಗೆ ಸ್ವಲ್ಪ ಉಸಿರು ಬರುತ್ತದೆ, ಇನ್ನೊಂದು ಕಿಲೋಮೀಟರ್ ಎಳೆಯುತ್ತದೆ.

ಒಂದು ಸಂಜೆ ಉಸಿರು ಬರಲೇ ಇಲ್ಲ. ಮೋರಿಯ ಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕೂತಿದ್ದ ಅವಳನ್ನು ಯಾರೋ ಪುಣ್ಯಾತ್ಮರು ಟ್ರಾಕ್ಟರಿನಲ್ಲಿ ತಂದು ಬಿಟ್ಟರು. ವಿಷಯ ಅಪ್ಪನ ಕಿವಿಗೆ ಬಿತ್ತು. ಅಪ್ಪ ಫೋನಿನಲ್ಲಿ ಕೂಗಾಡಲಿಲ್ಲ, ಅದೇ ಭಯ.

"ಇನ್ನೊಂದ್ ಸಲ ಗಾಡಿ ರೋಡ್ನಾಗೆ ನಿಂತ್ರೆ ನಾನೇ ಬಂದು ಕರ್ಕಂಡ್ ಹೋಯ್ತೀನಿ. ಇಲ್ಲೇನು ಊಟಕ್ಕೆ ಕಮ್ಮಿ ಐತಾ? ಮನೇಲಿರು ಸಾಕು."

ಅಕ್ಕ ನನಗೆ ಫೋನ್ ಮಾಡಿದಳು. ಆಗ ಹಿಂದೂಪುರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಬ್ಯಾಟರಿ ಅಂಗಡಿ. ಲಾರಿ ಬ್ಯಾಟರಿ, ಇನ್ವರ್ಟರ್ ಬ್ಯಾಟರಿ, ಎಲ್ಲಾ ಸೀಸದವೇ.

"ನೀನು ಬ್ಯಾಟರಿ ಅಂಗ್ಡಿ ಇಕ್ಕಂಡು ಏನ್ಲಾ ಕಿಸೀತಾ ಇದ್ದೀಯ? ನಾನು ಮತ್ತೆ ಆ ಮೂಲೆಗೋಗಿ ಕೂರ್ಬೇಕಾ?"

ಅವಳ ದನಿಯಲ್ಲಿ ಅಳುವಿತ್ತು. ಅವಳು ಅಳುವವಳಲ್ಲ. ಅವತ್ತೇ ತೀರ್ಮಾನ ಮಾಡಿದೆ.

ಅದು ಎರಡು ಸಾವಿರದ ಒಂಬತ್ತು. ಲಿಥಿಯಂ ಎಂದರೆ ನಮ್ಮ ಊರಿನವರಿಗೆ ಮೊಬೈಲಿನ ಒಳಗಿರುವ ತೆಳ್ಳನೆಯ ಬಿಲ್ಲೆ, ಅಷ್ಟೇ. ಬೆಂಗಳೂರಿನ ಗಲ್ಲಿಯೊಂದರಲ್ಲಿ ಹುಡುಕಿ, ನೀಲಿ ಪ್ಲಾಸ್ಟಿಕ್ ಸುತ್ತಿದ ಹದಿನಾರು ದಪ್ಪ ಸೆಲ್ಲು ತಂದೆ. ಸಾಲಾಗಿ ಜೋಡಿಸಿ, ತಾಮ್ರದ ಪಟ್ಟಿ ಬಿಗಿದು, ಮೇಲೊಂದು ರಕ್ಷಣೆಯ ಬೋರ್ಡು ಕೂರಿಸಿದೆ. ಯಾವುದಾದರೂ ಒಂದು ಸೆಲ್ಲು ತೀರಾ ಇಳಿದರೆ ಆ ಬೋರ್ಡು ಇಡೀ ಬ್ಯಾಟರಿಯನ್ನು ಕಟ್ ಮಾಡುತ್ತದೆ ಎಂದು ಅಂಗಡಿಯವನು ಹೇಳಿದ್ದ. ತಲೆಯಾಡಿಸಿದ್ದೆ. ಪೂರ್ತಿ ತುಂಬಿಸಿ, ಪೂರ್ತಿ ಖಾಲಿಯಾಗುವವರೆಗೆ ಒಂದು ಸಲ ಓಡಿಸಿ ನೋಡು ಎಂದೂ ಹೇಳಿದ್ದ. ಅದಕ್ಕೂ ತಲೆಯಾಡಿಸಿದ್ದೆ, ಆದರೆ ಮಾಡಲಿಲ್ಲ. ಹದಿನೈದು ವರ್ಷದಿಂದ ಬ್ಯಾಟರಿ ಮುಟ್ಟಿದ ಕೈ ಇದು, ನನಗೆ ಹೇಳಿಕೊಡಲು ಇವನ್ಯಾರು ಎಂಬ ಧಿಮಾಕು.

ಕಲ್ಯಾಣದುರ್ಗಕ್ಕೆ ಅದನ್ನು ಬಸ್ಸಿನಲ್ಲೇ ಒಯ್ದೆ. ತಂತಿಯ ತುದಿಗಳಿಗೆ ಟೇಪು ಸುತ್ತಿ, ಸೈಕಲ್ ಟ್ಯೂಬು ಸುತ್ತಿ, ಗೋಣಿಚೀಲದಲ್ಲಿಟ್ಟು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಪೆನುಕೊಂಡದಲ್ಲಿ ಬಸ್ಸು ಬದಲಿಸಿದಾಗ ಪಕ್ಕಕ್ಕೆ ಬಂದು ಕೂತ ಮುದುಕನ ಕೈಯಲ್ಲಿ ಹೊಸ ಹಾರೆ. ಬಸ್ಸು ಕುಲುಕಿದಾಗಲೆಲ್ಲ ಹಾರೆಯ ತುದಿ ನನ್ನ ಚೀಲಕ್ಕೆ ಬಂದು ತಗಲುತ್ತಿತ್ತು. ಟೇಪು ಹರಿದು ಕಬ್ಬಿಣ ಎರಡೂ ತುದಿಗೆ ತಾಗಿದರೆ ಏನಾಗುತ್ತದೆಂದು ಆ ಬಸ್ಸಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕೊನೆಗೆ ಹಾರೆಯನ್ನು ನಾನೇ ಒಂದು ಕೈಯಲ್ಲಿ ಹಿಡಿದುಕೊಂಡೆ. ಮುದುಕ ನನ್ನನ್ನು ಬಹಳ ಒಳ್ಳೆಯವನೆಂದುಕೊಂಡ.

ಗಾಡಿಗೆ ಹೊಸ ಬ್ಯಾಟರಿ ಕೂತಾಗ ಸೀಟಿನ ಕೆಳಗೆ ಅರ್ಧ ಜಾಗ ಖಾಲಿ ಉಳಿಯಿತು. ಗಾಡಿ ಹಗುರಾಗಿ, ಅಕ್ಕ ಕೀ ತಿರುಗಿಸಿದ್ದೇ ತಡ ಮುಂದಕ್ಕೆ ಚಿಮ್ಮಿತು. ಓಣಿಯ ತುದಿಗೆ ಹೋಗಿ ನಗುತ್ತಾ ಬಂದಳು. ಬಂದವಳು ಒಂದೇ ಪ್ರಶ್ನೆ ಕೇಳಿದಳು.

"ಮುಗಿಯೋ ಹೊತ್ತಿಗೆ ನಂಗೆ ಹೆಂಗ್ಲಾ ಗೊತ್ತಾಗ್ತದೆ?"

"ಮೀಟರ್‌ನಾಗೆ ಮುಳ್ಳು ಐತಲ್ಲಕ್ಕಾ. ಮುಳ್ಳು ಮೇಲಿರೋ ತಂಕ ನೀನು ಹೆದ್ರಬ್ಯಾಡ."

ಎರಡು ದಿನ ಹೋಗಿ ಬಂದಳು. ಎಲ್ಲೂ ನಿಲ್ಲಲಿಲ್ಲ. ಎರಡನೆಯ ರಾತ್ರಿ ಕರೆಂಟು ಹೋಯಿತು, ಬೆಳಗಿನವರೆಗೂ ಬರಲಿಲ್ಲ, ಚಾರ್ಜ್ ಆಗಲಿಲ್ಲ. ಬೆಳಿಗ್ಗೆ ಅವಳು ಅನುಮಾನದಿಂದ ಗಾಡಿಯನ್ನೇ ನೋಡುತ್ತಾ ನಿಂತಿದ್ದಳು.

"ಇವತ್ತು ಜೀಪ್‌ನೋರ್ಗೆ ಹೇಳಿ ಹೆಂಗಾನ ಮಾಡಿ ಹೋಯ್ತೀನಿ ಬಿಡ್ಲಾ."

"ಮುಳ್ಳು ನೋಡಕ್ಕಾ. ತುಂಬಿಕಂಡು ಕೂತೈತೆ. ಬೇಕಾದ್ರೆ ಹಿಂದೇನೇ ನಾನೂ ಬತ್ತೀನಿ."

ಮುಳ್ಳು ತುಂಬಿಯೇ ಇತ್ತು. ಆ ಮೀಟರು ಸೀಸದ ಬ್ಯಾಟರಿಗೆಂದು ಮಾಡಿದ್ದು. ಸೀಸ ಬರಿದಾಗುತ್ತಾ ಹೋದಂತೆ ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಮುಳ್ಳೂ ಇಳಿಯುತ್ತದೆ. ಲಿಥಿಯಂ ಕೊನೆಯವರೆಗೂ ಮೇಲೆಯೇ ನಿಂತಿದ್ದು ಒಮ್ಮೆಲೇ ಬೀಳುತ್ತದೆ. ಖಾಲಿಯಾಗುವವರೆಗೆ ಒಂದು ಸಲ ಓಡಿಸಿದ್ದರೆ ಇದು ನನಗೆ ಗೊತ್ತಿರುತ್ತಿತ್ತು. ಪಕ್ಕದ ಮನೆಯವರ ಮೊಪೆಡ್ ಕೇಳಿ ತಂದು, ದೊಡ್ಡ ಮನುಷ್ಯನ ಹಾಗೆ ಅವಳ ಹಿಂದೆ ಹೊರಟೆ.

ಹೋಗುವಾಗ ಏನೂ ಆಗಲಿಲ್ಲ. ಸಂಜೆ ಐದಕ್ಕೆ ವಾಪಸು ಹೊರಟಾಗ ಆಷಾಢದ ಗಾಳಿ ಎದುರಿನಿಂದ ಹೊಡೆಯುತ್ತಿತ್ತು. ಕಲ್ಯಾಣದುರ್ಗದ ಆ ಗಾಳಿಯನ್ನು ಅನುಭವಿಸಿದವರಿಗೆ ಗೊತ್ತು, ನಡೆದು ಹೋಗುವವರನ್ನೂ ನಿಲ್ಲಿಸುತ್ತದೆ. ಗಾಡಿ ಎದೆಗೊಟ್ಟು ಹೋಗುತ್ತಿತ್ತು. ನಾನು ಪಕ್ಕಕ್ಕೆ ಹೋಗಿ ಮೀಟರು ಇಣುಕಿದೆ. ಮುಳ್ಳು ಮೇಲೆಯೇ ಇತ್ತು. "ನೋಡ್ದಾ?" ಎಂದು ಕೂಗಿದೆ. ಅವಳು ತಲೆಯಾಡಿಸಿದಳು.

ಊರು ಇನ್ನೆರಡು ಕಿಲೋಮೀಟರ್ ಇರುವಾಗ ಒಂದು ಏರು ಬರುತ್ತದೆ. ಅದರ ಅರ್ಧದಲ್ಲಿ ಗೊಬ್ಬರ ತುಂಬಿದ ಟ್ರಾಕ್ಟರೊಂದು ತೆವಳುತ್ತಾ ಹೋಗುತ್ತಿತ್ತು. ಗಾಳಿಗೆ ಗೊಬ್ಬರದ ಧೂಳೆಲ್ಲ ಅಕ್ಕನ ಮುಖಕ್ಕೆ. ಅವಳು ಹಾರ್ನ್ ಹೊಡೆದು ಬಲಕ್ಕೆ ತೆಗೆದುಕೊಂಡಳು. ಟ್ರಾಲಿಯ ಪಕ್ಕಕ್ಕೆ ಬಂದಳು. ಅಲ್ಲಿ ಗಾಡಿ ನಿಂತುಹೋಯಿತು.

ನಿಧಾನವಾಗಲಿಲ್ಲ, ನರಳಲಿಲ್ಲ. ಸ್ವಿಚ್ ಆರಿಸಿದ ಹಾಗೆ ನಿಂತಿತು. ರಸ್ತೆಯ ಬಲಭಾಗದಲ್ಲಿ ಅಕ್ಕ, ಎಡಕ್ಕೆ ಟ್ರಾಲಿ. ಏರಿನ ಮೇಲಿಂದ ಒಂದು ಲಾರಿಯ ತಲೆ ಕಾಣಿಸಿತು.

ಅಕ್ಕ ಹಾರ್ನ್ ಒತ್ತುತ್ತಿದ್ದುದು ನನಗೆ ಕಾಣುತ್ತಿತ್ತು, ಸದ್ದಿಲ್ಲ. ಹಾರ್ನಿಗೂ ಲೈಟಿಗೂ ಅದೇ ಬ್ಯಾಟರಿಯಿಂದಲೇ ಕರೆಂಟು. ಅವಳು ಇಳಿದು ತಳ್ಳುವ ಹಾಗಿಲ್ಲ. ಟ್ಯೂಬು ಬಿಚ್ಚಿ ಊರುಗೋಲು ತೆಗೆದು ಕಾಲು ಊರುವಷ್ಟರಲ್ಲಿ ಲಾರಿ ಬಂದುಬಿಡುತ್ತದೆ. ಅವಳಿಂದ ಹತ್ತು ಮಾರು ಹಿಂದೆ, ಟ್ರಾಲಿಯ ಹಿಂದುಗಡೆ ಎಡಭಾಗದಲ್ಲಿ ಮೊಪೆಡ್ ನಿಲ್ಲಿಸಿಕೊಂಡು "ಅಕ್ಕಾ! ಅಕ್ಕಾ!" ಎಂದು ಕೂಗುವುದೊಂದೇ ನಾನು ಮಾಡಿದ್ದು. ಲಾರಿಯವನು ಹಾರ್ನ್ ಒತ್ತಿ ಹಿಡಿದಿದ್ದ. ಇಳಿಜಾರಿನಲ್ಲಿ ಅದು ನಿಲ್ಲುವಂತಿರಲಿಲ್ಲ. ಟ್ರಾಕ್ಟರು ಮಾತ್ರ ಏನೂ ಗೊತ್ತಿಲ್ಲದೆ ಮುಂದಕ್ಕೆ ತೆವಳುತ್ತಾ ಹೋಗಿ, ಟ್ರಾಲಿಯ ಹಿಂಬದಿ ಅಕ್ಕನನ್ನು ದಾಟಿತು.

ಅಷ್ಟಕ್ಕೇ ಕಾದಿದ್ದವಳಂತೆ ಅಕ್ಕ ಬ್ರೇಕು ಬಿಟ್ಟಳು. ಗಾಡಿ ಹಿಂದಕ್ಕೆ ಉರುಳತೊಡಗಿತು. ಹ್ಯಾಂಡಲ್ಲು ಎಡಕ್ಕೆ ಮುರಿದು, ಕುತ್ತಿಗೆ ತಿರುಗಿಸಿ ಹಿಂದೆ ನೋಡಿದಳು. ಅವಳಿಗಿದ್ದ ಒಂದೇ ದಾರಿಯಲ್ಲಿ ನಾನು ನಿಂತಿದ್ದೆ.

"ಪಕ್ಕಕ್ಕೋಗ್ಲಾ!"

ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೊಪೆಡ್ಡಿನ ಸಮೇತ ಎಡಗಡೆಯ ಚರಂಡಿಗೆ ಬಿದ್ದೆ. ಅಕ್ಕನ ಗಾಡಿ ನನ್ನ ಕಾಲಿನ ಪಕ್ಕದಲ್ಲೇ ಹಾದು, ಒಂದು ಚಕ್ರ ರಸ್ತೆಯಂಚಿನ ಮರಳಿನಲ್ಲಿ ಹೂತು, ವಾಲಿ ನಿಂತಿತು. ಲಾರಿ ಹೋಯಿತು. ಅದರ ಕ್ಲೀನರ್ ಅರ್ಧ ಮೈ ಹೊರಗೆ ಹಾಕಿ "ಏಮಮ್ಮಾ, ಚಾವಾಲನಿ ಉಂದಾ?" ಎಂದು ತೆಲುಗಿನಲ್ಲಿ ಬೈದುಕೊಂಡು ಹೋದ. ಸಾಯಬೇಕು ಅಂತಿದೆಯಾ ಎಂದು ಕೇಳಬೇಕಾದ್ದು ನನ್ನನ್ನು.

ಎದ್ದು ಓಡಿದೆ. ಅಕ್ಕ ಬ್ರೇಕು ಹಿಡಿದೇ ಕೂತಿದ್ದಳು. ಬೆರಳುಗಳು ಬಿಚ್ಚಲಿಲ್ಲ. ಒಂದೊಂದಾಗಿ ನಾನೇ ಬಿಡಿಸಿದೆ. ಹಳೆಯ ಅಭ್ಯಾಸ, ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದಳು. ಬೋರ್ಡು ಕಟ್ ಮಾಡಿದ ಮೇಲೆ ಚಾರ್ಜರ್ ಚುಚ್ಚುವವರೆಗೆ ಅದು ಏಳುವುದಿಲ್ಲ. ಬ್ಯಾಟರಿ ಉಳಿಸಲಿಕ್ಕೆ ಇಟ್ಟ ಬೋರ್ಡು ಅದು, ಮೇಲೆ ಕೂತವರು ಯಾರೆಂದು ಅದಕ್ಕೇನು ಗೊತ್ತು.

"ಹಳೇದು ಸಾಯೋಕ್ ಮುಂಚೆ ನಂಗೆ ಹೇಳ್ತಿತ್ತು ಕಣ್ಲಾ," ಎಂದಳು. "ಇದು ನಗ್ತಾ ನಗ್ತಾನೇ ಸತ್ತೋಯ್ತು."

ಆಗಲೇ ಅವಳ ಫೋನು ಹೊಡೆದುಕೊಂಡಿತು. ಅಪ್ಪ. ದಿನಾ ಆ ಹೊತ್ತಿಗೆ, ರೂಮು ಸೇರಿದೆಯಾ ಎಂದು ಕೇಳಲು. ಫೋನು ನಾನೇ ಕಿತ್ತುಕೊಂಡೆ. ರೂಮು ಸೇರಿಯಾಯಿತು ಎನ್ನಲೋ, ಸೆಲ್ಲು ಕೊಟ್ಟವನು ಮೋಸ ಮಾಡಿದ ಎನ್ನಲೋ, ಎರಡು ಸುಳ್ಳೂ ನಾಲಿಗೆಯ ಮೇಲೆ ತಯಾರಿದ್ದವು. ಅಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಸುಳ್ಳು ಹೇಳ್ಬ್ಯಾಡ. ನಿಂತೋಯ್ತು ಅಂತ್ಲೇ ಹೇಳು. ಯಾರಿಂದ ನಿಂತೋಯ್ತು ಅಂತ್ಲೂ ಹೇಳು."

ಹೇಳಿದೆ. ಮುಳ್ಳನ್ನೂ ಲಾರಿಯನ್ನೂ ಬಿಡದೆ ಹೇಳಿದೆ. ಆ ಕಡೆ ಮಗ್ಗದ ಸದ್ದು ನಿಂತಿತು. ಅಪ್ಪ ಹೇಳಿದ. "ಬೆಳಗ್ಗೆ ಬಸ್ಸಿಗೆ ಬತ್ತೀನಿ. ಸಾಮಾನು ಕಟ್ಟಿಕ್ಕಾಕೆ ಹೇಳು ಅವಳ್ಗೆ."

ಅಕ್ಕ ಕೈಚಾಚಿ ಫೋನು ತೆಗೆದುಕೊಂಡಳು.

"ಅಪ್ಪಾ, ತಪ್ಪು ಮಾಡಿದ್ದು ಅವ್ನು ಕಣಪ್ಪ. ಬೇಕಾದ್ರೆ ಅವ್ನನ್ನ ಕರ್ಕಂಡೋಗಿ ಮೂಲೇಲಿ ಕೂರಿಸ್ಕ. ನಾನ್ಯಾಕ್ ಬರ್ಲಿ?"

ಅಪ್ಪ ಫೋನಿಟ್ಟ.

ಮಾರನೆಯ ದಿನ ಬೆಳಕು ಹರಿಯುವ ಮುಂಚೆಯೇ ನಾನು ಗಾಡಿ ಹೊರಗೆ ತೆಗೆದೆ. ಹಿಂದಿನ ಸಂಜೆ ದಾರಿಯಲ್ಲಿ ಸಿಕ್ಕ ಟ್ರಾಕ್ಟರೊಂದರಲ್ಲಿ ಅದನ್ನು ರೂಮಿಗೆ ಸೇರಿಸಿದ್ದೆವು, ರಾತ್ರಿಯೆಲ್ಲ ಚಾರ್ಜ್ ಆಗಿತ್ತು. ಮೊದಲೇ ಮಾಡಬೇಕಾಗಿದ್ದ ಕೆಲಸ ಈಗ ಮಾಡಲು ಹೊರಟಿದ್ದೆ. ಅದೇ ಏರು, ಅದೇ ಗಾಳಿಯಲ್ಲಿ, ಕಿಲೋಮೀಟರ್ ಗುರುತು ಹಾಕಿಕೊಳ್ಳುತ್ತಾ ಸಾಯುವವರೆಗೆ ಓಡಿಸಿದೆ. ಮೂವತ್ತನಾಲ್ಕಕ್ಕೆ ನಿಂತಿತು. ಮುಳ್ಳು ಕೊನೆಯ ಕ್ಷಣದವರೆಗೂ ಅಲುಗಲಿಲ್ಲ. ಇಳಿದು, ತಲೆ ತಗ್ಗಿಸಿ ತಳ್ಳತೊಡಗಿದೆ. ಎರಡು ಗಟ್ಟಿ ಕಾಲಿದ್ದ ನನಗೇ ಆ ಏರಿನಲ್ಲಿ ಉಸಿರು ಹತ್ತಿತು.

ಅರ್ಧ ಏರಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಹಗುರಾಯಿತು. ತಿರುಗಿ ನೋಡಿದರೆ ಅಪ್ಪ. ಬಸ್ಸಿಳಿದು ರೂಮಿಗೆ ಹೋಗಿ, ನಾನು ಎಲ್ಲಿ ಎಂದು ಕೇಳಿಕೊಂಡು ಎರಡು ಕಿಲೋಮೀಟರ್ ನಡೆದು ಬಂದಿದ್ದ. ಹೆಗಲ ಮೇಲೆ ಸಾಮಾನು ಕಟ್ಟಲು ತಂದ ದಪ್ಪ ಹಗ್ಗದ ಸುರುಳಿ. ರೂಮಿನ ಬಾಗಿಲವರೆಗೂ ಇಬ್ಬರೂ ತಳ್ಳಿಕೊಂಡು ಬಂದೆವು.

ಅಕ್ಕ ಹೊಸಿಲಲ್ಲಿ ಊರುಗೋಲು ಹಿಡಿದು ನಿಂತಿದ್ದಳು. ಒಂದು ಸಾಮಾನೂ ಕಟ್ಟಿರಲಿಲ್ಲ. ಅಪ್ಪ ಅವಳನ್ನು ನೋಡಿದ, ಗಾಡಿಯನ್ನು ನೋಡಿದ.

"ಎಷ್ಟು ದೂರ ಬಂತು?" ಎಂದು ನನ್ನನ್ನು ಕೇಳಿದ.

"ಮೂವತ್ನಾಕು."

"ದಿನಕ್ಕೆ ಹದ್ನೆಂಟು ಓಡ್ಸು," ಎಂದು ಅಕ್ಕನಿಗೆ ಹೇಳಿದ. "ದಿನಾ ಚಾರ್ಜಿಗಾಕು. ಕರೆಂಟ್ ಇಲ್ಲದ್ ದಿನ ರಜಾ ಹಾಕು. ಆ ಮುಳ್ಳು ಕಿತ್ತಾಕು."

ಆಮೇಲೆ ಹಗ್ಗವನ್ನು ಹೆಗಲಿಂದ ತೆಗೆದು, ನೂಲು ಸುತ್ತುವ ಕೈಯಲ್ಲಿ ಸಣ್ಣದಾಗಿ ಸುತ್ತಿ, ಸೀಟು ಎತ್ತಿ, ಬ್ಯಾಟರಿಯ ಪಕ್ಕದ ಖಾಲಿ ಜಾಗದಲ್ಲಿ ಇಟ್ಟ.

"ಮತ್ತೆ ಎಲ್ಲಾನ ನಿಂತ್ರೆ, ಯಾರ್ದಾನ ಟ್ರಾಕ್ಟರ್‌ಗೆ ಕಟ್ಸಮ್ಮ," ಎಂದ. "ಸೆಂಟರ್ ಕಡೀಕೆ ಹೋಗೋ ಟ್ರಾಕ್ಟರ್‌ಗೆ."