ತಾಯಿಚಿಟ್ಟೆಯ ಪರೀಕ್ಷೆ

ಶಿಡ್ಲಘಟ್ಟದ ಒಂದು ಗ್ರೈನೇಜ್‌ನಲ್ಲಿ, ಅಂದರೆ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ, ನಾನು ಒಂಬತ್ತು ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದೇನೆ. ಮೊಟ್ಟೆ ಇಟ್ಟು ಮುಗಿಸಿದ ಹೆಣ್ಣು ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ನೋಡುವುದು ನನ್ನ ಕೆಲಸ. ಗಂಟುರೋಗದ ಕಣ ಕಂಡರೆ ಅದು ಇಟ್ಟ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುತ್ತಿದ್ದರು. ಗಂಡು ಚಿಟ್ಟೆಯನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಅದನ್ನು ತಂಪು ಪೆಟ್ಟಿಗೆಯಲ್ಲಿಟ್ಟು, ಮಾರನೆಯ ದಿನ ಇನ್ನೊಂದು ಹೆಣ್ಣಿನ ಜೊತೆ ಬಿಡುತ್ತಿದ್ದರು.

ಆಗ ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ಮನೆ ಸಾದಲಿಯ ಹತ್ತಿರ. ಅಣ್ಣ ಹುಳು ಸಾಕುತ್ತಿದ್ದ. ಅವನಿಗೆ ನಮ್ಮ ಸೋದರಮಾವನ ಮಗಳನ್ನೇ ತಂದಿದ್ದೆವು. ಮಾವನ ಊರು ಮುರುಗಮಲ್ಲದ ಪಕ್ಕ. ತಮ್ಮನ ಮಗಳೇ ಸೊಸೆಯಾದದ್ದಕ್ಕೆ ಅಮ್ಮನಿಗೆ ಹೆಮ್ಮೆಯಿತ್ತು. ಹೊರಗಿನವರನ್ನು ತಂದರೆ ಯಾರ ಮನೆಯ ಕಾಯಿಲೆ ಬರುತ್ತದೋ ಯಾರಿಗೆ ಗೊತ್ತು ಎನ್ನುತ್ತಿದ್ದಳು.

ಗಂಡು ಮಗು ಹುಟ್ಟಿತು. ಎಂಟು ತಿಂಗಳವರೆಗೆ ಎಲ್ಲ ಸರಿಯಾಗಿತ್ತು. ಒಂದೇ ಒಂದು ವಿಚಿತ್ರವೆಂದರೆ, ಸಣ್ಣ ಸದ್ದಿಗೂ ಅದು ಬೆಚ್ಚುತ್ತಿತ್ತು. ಎರಡು ಕೈಯೂ ಪಟ್ಟನೆ ಅಗಲವಾಗಿ, ಕಣ್ಣು ದೊಡ್ಡದಾಗುತ್ತಿತ್ತು. ಮನೆಗೆ ಯಾರಾದರೂ ಬಂದರೆ ಅಣ್ಣ, "ನೋಡಿ ನೋಡಿ, ನಮ್ಮ ಪೈಲ್ವಾನ ಹೆಂಗೆ ಬೆಚ್ಚಿ ಬೀಳ್ತಾನೆ" ಅಂತ ಚಪ್ಪಾಳೆ ತಟ್ಟುತ್ತಿದ್ದ. ಎಲ್ಲರೂ ನಗುತ್ತಿದ್ದರು. ಮಗು ಒಂದು ಸಲವೂ ಆ ಸದ್ದಿಗೆ ಒಗ್ಗಿಕೊಳ್ಳಲಿಲ್ಲ. ಹತ್ತನೇ ಚಪ್ಪಾಳೆಗೂ ಮೊದಲನೆಯದರಷ್ಟೇ ಬೆಚ್ಚುತ್ತಿತ್ತು. ನಾನೂ ತಟ್ಟಿದ್ದೇನೆ.

ಎಂಟನೇ ತಿಂಗಳಲ್ಲಿ ಕೂತಿದ್ದ ಮಗು ಹತ್ತನೇ ತಿಂಗಳಲ್ಲಿ ಕೂರಲಿಲ್ಲ. ಕತ್ತು ನಿಲ್ಲಲಿಲ್ಲ. ಆಮೇಲೆ ಮುಖದ ಮುಂದೆ ಬೆರಳು ಆಡಿಸಿದರೂ ನೋಡುವುದನ್ನು ಬಿಟ್ಟಿತು.

ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಅಮ್ಮ ಕೇಳಿದಳು, "ನೀನು ದಿನಾ ನೋಡ್ತೀಯಲ್ಲ ಕಣೇ. ರೋಗ ಮರಿಗೆ ಯಾವುದ್ರಿಂದ ಬರುತ್ತೆ? ಹೆಣ್ಣಿಂದಾನಾ, ಗಂಡಿಂದಾನಾ?"

"ತಾಯಿಯಿಂದ್ಲೇ ಅಮ್ಮ. ಗಂಡನ್ನ ನಾವು ನೋಡೋದೇ ಇಲ್ಲ."

ನಾನು ಹೇಳಿದ್ದು ಹುಳುವಿನ ಮಾತು, ಮೊಟ್ಟೆಯೊಳಗೆ ಸೇರಿಕೊಂಡು ಬರುವ ಒಂದು ಸೋಂಕಿನ ಮಾತು. ಅಮ್ಮ ಯಾರ ಬಗ್ಗೆ ಕೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನನ್ನ ಕೆಲಸದ ಬಗ್ಗೆ ಮನೆಯಲ್ಲಿ ಯಾರೂ ಅದುವರೆಗೆ ಏನೂ ಕೇಳಿರಲಿಲ್ಲ. ಅದಕ್ಕೇ ಇರಬೇಕು, ಅಷ್ಟು ಖಚಿತವಾಗಿ ಹೇಳಿಬಿಟ್ಟೆ. ಒಲೆಯ ಮುಂದೆ ಕೂತಿದ್ದ ಅತ್ತಿಗೆ ತಿರುಗಿ ನೋಡಲಿಲ್ಲ.

ಅಂದಿನಿಂದ ಅಮ್ಮನ ಬಾಯಲ್ಲಿ ಅದೇ ಮಾತು. "ಪರೀಕ್ಷೆ ಮಾಡೋರೇ ಹೇಳಿದ್ಮೇಲೆ ಇನ್ನೇನು? ಗಂಡನ್ನ ಇನ್ನೊಂದು ಸಲ ಬಿಡ್ತಾರಂತಲ್ಲ, ಅಲ್ವೇನೇ?" ಎಂದು ನಗುತ್ತಿದ್ದಳು. ಅತ್ತಿಗೆಗೆ ಕೇಳುವ ಹಾಗೆಯೇ ನಗುತ್ತಿದ್ದಳು.

ಕೊನೆಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಣ್ಣ, ಅತ್ತಿಗೆ, ಮಗು, ಮಗುವನ್ನು ಎತ್ತಿಕೊಳ್ಳಲು ನಾನು. ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತೆಗೆದುಕೊಂಡರು. ಮೂರು ವಾರ ಬಿಟ್ಟು ಮತ್ತೆ ಹೋದಾಗ ಡಾಕ್ಟರಮ್ಮ ಕಾಗದದ ಮೇಲೆ ಎರಡು ವೃತ್ತ ಬರೆದು, ಎರಡಕ್ಕೂ ಅರ್ಧರ್ಧ ಕಪ್ಪು ತುಂಬಿದರು. ಒಂದು ಜೀನಿನಲ್ಲಿ ತಪ್ಪಿದೆ ಎಂದರು. ಅದರಿಂದ ಮಗುವಿನ ಮಿದುಳಿನಲ್ಲಿ ಕರಗಬೇಕಾದ ಕೊಬ್ಬು ಕರಗದೆ ತುಂಬಿಕೊಳ್ಳುತ್ತಿದೆ. ತಾಯಿಯಲ್ಲೂ ತಂದೆಯಲ್ಲೂ ಆ ತಪ್ಪಿನ ಒಂದೊಂದು ಪ್ರತಿ ಇದೆ, ಒಂದೇ ಪ್ರತಿ ಇದ್ದವರಿಗೆ ಏನೂ ಆಗುವುದಿಲ್ಲ, ಎರಡೂ ಸೇರಿದ ಮಗುವಿಗೆ ಮಾತ್ರ ಹೀಗೆ. ಇದಕ್ಕೆ ಔಷಧಿ ಇಲ್ಲ. ಮುಂದಿನ ಬಸಿರಲ್ಲಿ ಮೊದಲೇ ಪರೀಕ್ಷೆ ಮಾಡಿ ಹೇಳಬಹುದು. ಹುಡುಗಿಯ ಅಪ್ಪ, ಹುಡುಗನ ಅಮ್ಮ ಒಡಹುಟ್ಟಿದವರಾ ಎಂದು ಕೇಳಿದರು. ಹೌದೆಂದಾಗ, "ಹಾಗಾದರೆ ಬಹುಶಃ ಒಂದೇ ಮನೆಯಿಂದ ಎರಡೂ ಕಡೆಗೆ ಬಂದಿದೆ" ಎಂದರು. ಅಂದರೆ, ನಮ್ಮ ಅಮ್ಮನಿಂದಲೂ.

ಆ ಕಾಗದವನ್ನು ಅಣ್ಣ ಮಡಚಿ ಜೇಬಿಗೆ ಹಾಕಿಕೊಂಡ. ಚಿಂತಾಮಣಿ ಬಸ್ಸಿನಲ್ಲಿ ಊರಿಗೆ ಬಂದೆವು. ಮನೆಯ ಜಗಲಿಯ ಮೇಲೆ ಅಮ್ಮ ಕಾಯುತ್ತಿದ್ದಳು. ಚಪ್ಪಲಿ ಬಿಡುತ್ತಲೇ ಅಣ್ಣ ಹೇಳಿದ:

"ಅವಳ ರಕ್ತದಲ್ಲೇ ಇದೆಯಂತೆ."

"ಇಬ್ಬರದೂ ಅಂದ್ರು ಅತ್ತೆ," ಅಂದಳು ಅತ್ತಿಗೆ. ಮಗು ಅವಳ ಹೆಗಲ ಮೇಲಿತ್ತು. "ಅರ್ಧ ನಂದು, ಅರ್ಧ ಅವರದು. ಬರೆದೇ ತೋರಿಸಿದ್ರು." ಆಮೇಲೆ ನನ್ನ ಕಡೆ ತಿರುಗಿದಳು. "ನೀನೂ ಇದ್ಯಲ್ಲಮ್ಮ. ಹೇಳು."

ಅಣ್ಣ ನನ್ನನ್ನೇ ನೋಡುತ್ತಿದ್ದ. ಅಮ್ಮನೂ ನೋಡುತ್ತಿದ್ದಳು. ನಾನಾಗ ಗಂಡನ ಮನೆ ಬಿಟ್ಟು ಬಂದು ಅವರ ಆಸರೆಯಲ್ಲಿದ್ದವಳು. ಇದು ನೆಪವಲ್ಲ, ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

"ಇಂಗ್ಲಿಷಲ್ಲಿ ಹೇಳ್ತಿದ್ರು. ನಂಗೆ ಸರಿಯಾಗಿ ತಿಳೀಲಿಲ್ಲ," ಅಂದೆ.

ಡಾಕ್ಟರಮ್ಮ ಕನ್ನಡದಲ್ಲೇ ಹೇಳಿದ್ದರು.

ಹದಿನೈದು ದಿನದಲ್ಲಿ ಅತ್ತಿಗೆಯನ್ನೂ ಮಗುವನ್ನೂ ಮಾವನ ಮನೆಗೆ ಕಳಿಸಿದರು. ನಾಲ್ಕು ಜನ ಹಿರಿಯರ ಮುಂದೆ ಬಿಡುಗಡೆಯ ಕಾಗದ ಬರೆಸಿಕೊಂಡರು. ಮಾವ ಮಾತ್ರ ಆ ಹಿರಿಯರ ಎದುರಿಗೇ ಹೇಳಿದರು, "ನನ್ನ ಮಗಳು ಸುಳ್ಳು ಹೇಳೋಳಲ್ಲ. ಇಬ್ಬರದೂ ಅಂತ ಅವಳು ಅಂದ್ರೆ ಇಬ್ಬರದೇ." ಅವಳ ಮಾತನ್ನು ನಂಬಿದವರು ಅವರೊಬ್ಬರೇ.

ಎರಡೂವರೆ ವರ್ಷಕ್ಕೆ ಮಗು ಹೋಯಿತು. ಅಷ್ಟರಲ್ಲಿ ಅಣ್ಣನಿಗೆ ಮತ್ತೆ ಮದುವೆಯಾಗಿತ್ತು. ಹುಡುಗಿ ತೊಂಡೇಬಾವಿಯಲ್ಲಿದ್ದ ನಮ್ಮ ದೊಡ್ಡಕ್ಕನ ಮಗಳು. ಮಣ್ಣಿಗೆ ಅಣ್ಣ ಹೋಗಲಿಲ್ಲ. ಹೊಸ ಹೆಂಡತಿಗೆ ಮೂರು ತಿಂಗಳು, ಸಾವಿನ ಮನೆ ಮೆಟ್ಟಿ ಬರಬಾರದು ಎಂದು ಅಮ್ಮ ತಡೆದಳು.

ಅದೇ ವಾರ ನಾನು ಬಾಯಿ ಬಿಟ್ಟೆ. ಹಿತ್ತಲಲ್ಲಿ ಅಮ್ಮ, ಅಕ್ಕ, ಆ ಹುಡುಗಿ ಮೂವರೂ ಇದ್ದರು. ಅಣ್ಣನ ರಕ್ತದಲ್ಲೂ ಇದೆ, ನಾನು ಕಿವಿಯಾರೆ ಕೇಳಿದ್ದೇನೆ, ಇವಳೂ ಅದೇ ಮನೆಯ ಕುಡಿ, ಇವಳ ರಕ್ತವನ್ನೂ ತೋರಿಸೋಣ ಎಂದೆ.

ಅಕ್ಕ ಅಂದಳು, "ತಾಯಿಯಿಂದ್ಲೇ ಅಂತ ಹೇಳಿದೋಳು ನೀನೇ ತಾನೇ? ಈಗ ನನ್ನ ಮಗಳೂ ನಿನ್ನ ಥರ ಗಂಡನ್ನ ಬಿಟ್ಟು ಬಂದು ಕೂರ್ಲಿ ಅಂತಾನಾ?"

ಹುಡುಗಿ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋದಳು. ರಕ್ತ ತೋರಿಸಲಿಲ್ಲ.

ಹೆಣ್ಣು ಮಗು ಹುಟ್ಟಿತು. ಕೂತಿತು, ಅಂಬೆಗಾಲಿಟ್ಟಿತು. ಹನ್ನೊಂದನೇ ತಿಂಗಳಿಗೆ ಗೋಡೆ ಹಿಡಿದು ನಡೆಯಿತು. ಮಗು ಹೊಸ್ತಿಲು ದಾಟಿದ ದಿನ ಅಮ್ಮ ಒಬ್ಬಟ್ಟು ಮಾಡಿಸಿದಳು. ಮಾವನಿಗೆ ಮೂರು ಸಲ ಹೇಳಿ ಕಳಿಸಿದಳು: ಅಕ್ಕ ಅನ್ನೋ ಋಣ ಇದ್ದರೆ ಬಂದು ಕಣ್ಣಾರೆ ನೋಡಿ ಹೋಗಲಿ ಅಂತ.

ಮೂರನೇ ಸಲಕ್ಕೆ ಮಾವ ಬಂದರು. ಅಮ್ಮ ಮಗುವನ್ನು ಅವರ ಮುಂದೆ ನಿಲ್ಲಿಸಿ ಕೈ ಬಿಟ್ಟಳು. ಅದು ನಾಲ್ಕು ಹೆಜ್ಜೆ ಇಟ್ಟು ಅವರ ಮೊಣಕಾಲು ಹಿಡಿದುಕೊಂಡಿತು.

"ಅಪ್ಪ ಅವನೇ, ನೋಡಪ್ಪ," ಅಂದಳು ಅಮ್ಮ. "ತಾಯಿ ಮಾತ್ರ ಬೇರೆ."

ಮಾವ ಮಗುವಿನ ತಲೆ ಸವರಿದರು. ಊಟಕ್ಕೆ ನಿಲ್ಲಲಿಲ್ಲ. ಬಸ್ ನಿಲ್ಲುವ ಕಡೆಗೆ ನಾನೂ ಅವರ ಹಿಂದೆ ಹೋದೆ.

"ಅದು ಹಾಗಲ್ಲ ಮಾವ," ಅಂದೆ. "ಇವಳ ರಕ್ತದಲ್ಲಿ ಅದು ಇಲ್ದೇ ಇರಬಹುದು. ಇದ್ರೂ ನಾಲ್ಕರಲ್ಲಿ ಮೂರು ಸಲ ಮಗು ಚೆನ್ನಾಗೇ ಹುಟ್ಟುತ್ತೆ. ಅಣ್ಣನದೂ ಅರ್ಧ ಇದೆ ಅಂತ ಡಾಕ್ಟ್ರು ಹೇಳಿದ್ದು ನಿಜ. ನಾನು ಅಲ್ಲೇ ಇದ್ದೆ."

ಅವರು ನಿಂತರು.

"ಆವತ್ತು ಹೇಳಿದ್ರೆ ನಂಬ್ತಿದ್ದೆನಮ್ಮ. ಈಗ ಕಣ್ಣಲ್ಲೇ ನೋಡಿಬಿಟ್ಟೆನಲ್ಲ." ಆಮೇಲೆ, ತಮ್ಮಷ್ಟಕ್ಕೆ ಎಂಬಂತೆ, "ಇಷ್ಟು ದಿನ ಅವಳನ್ನ ವಹಿಸ್ಕೊಂಡು ಎಲ್ಲರ ಹತ್ರಾನೂ ಜಗಳ ಆಡ್ದೆ" ಅಂದರು.

ಬಸ್ಸು ಬಂತು. ಅವರು ಹತ್ತಿದರು. ಆ ಸಂಜೆ ಮನೆಗೆ ಹೋಗಿ ಮಗಳಿಗೆ ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಅತ್ತಿಗೆ ಅದಾದ ಮೇಲೆ ಆ ಮನೆಯಲ್ಲಿ ಇರಲಿಲ್ಲ ಎಂಬುದು ಮಾತ್ರ ಗೊತ್ತು. ಗೌರಿಬಿದನೂರಿನಲ್ಲಿ ಯಾವುದೋ ಬಟ್ಟೆ ಕಾರ್ಖಾನೆಗೆ ಸೇರಿಕೊಂಡಳಂತೆ. ಯಾರಾದರೂ ಕೇಳಿದರೆ, ದೋಷ ತನ್ನದೇ ಎಂದು ತಾನಾಗಿಯೇ ಹೇಳುತ್ತಾಳಂತೆ.