ಹಗೇವಿನ ಬಾಯಿ

ನಮ್ಮದು ಮರಗೆಲಸದವರ ಮನೆ. ಬಾಗಿಲು, ಕಿಟಕಿಗಳೆಲ್ಲ ರೆಡಿಮೇಡ್ ಬಂದು ಉಳಿ-ಬಾಚಿಗೆ ಕೆಲಸ ತಪ್ಪಿದ ಮೇಲೆ ನಾನು ಮನೆ ಕಟ್ಟಿಸುವ ಕಂಟ್ರಾಕ್ಟು ಹಿಡಿದೆ, ನನ್ನ ತಮ್ಮ ಕಂಬಿ ಕಟ್ಟುವ ಕೆಲಸ ಹಿಡಿದ. ಪಾಂಡವಪುರ, ಕೆ.ಆರ್. ಪೇಟೆ ಸುತ್ತ ಎಲ್ಲಿ ಅಗೆದರೆ ಬಂಡೆ, ಎಲ್ಲಿ ಅಗೆದರೆ ಎರೆಮಣ್ಣು ಅನ್ನುವುದು ನನಗೆ ಅಂಗೈ ಗೆರೆಯಷ್ಟೇ ಗೊತ್ತು ಅಂದುಕೊಂಡಿದ್ದೆ. ಗೊತ್ತಿತ್ತು ಮಣ್ಣಂಗಟ್ಟಿ.

ಬೂಕನಕೆರೆ ಹತ್ತಿರದ ಒಂದೂರಿನಲ್ಲಿ ರೈತರ ಹಳೇ ತೊಟ್ಟಿಮನೆ ಕೆಡವಿ ಹೊಸದು ಕಟ್ಟಬೇಕಿತ್ತು. ಮನೆಯ ಯಜಮಾನರು ಕರಾರಿಗೆ ತಾವೇ ಒಂದು ಸಾಲು ಸೇರಿಸಿದ್ದರು: ಪಾಯದಲ್ಲಿ ಏನೇ ಸಿಕ್ಕರೂ ಕಂಟ್ರಾಕ್ಟರೇ ಹೊಣೆ. ಏನು ಸಿಕ್ಕೀತು, ಬಂಡೆ ತಾನೇ ಎಂದು ಸಹಿ ಹಾಕಿದೆ. ಒಂದು ಮೂಲೆಯಲ್ಲಿ ಬಂಡೆ ಸಿಕ್ಕಿಯೂ ಸಿಕ್ಕಿತು. ಗೊಣಗಿಕೊಂಡೇ ಕಂಪ್ರೆಸರ್ ಟ್ರಾಕ್ಟರು ತರಿಸಿ ಒಡೆಸತೊಡಗಿದೆ.

ಅದಕ್ಕೆ ಮೊದಲು, ಸುಣ್ಣದ ಪುಡಿಯಲ್ಲಿ ಗುರುತು ಹಾಕುವಾಗ, ಯಜಮಾನರ ವಯಸ್ಸಾದ ತಾಯಿ ಬಂದು, "ಈ ಗ್ವಾಡೆಯ ಒಸಿ ಅತ್ಲಾಗೆ ಸರಿಸ್ಕಳಪ್ಪ" ಅಂದಿದ್ದರು. ಯಾಕೆ ಅಂತ ಕೇಳಿದರೆ ಸುಣ್ಣದ ಗೆರೆಯನ್ನು ಕಾಲಲ್ಲೇ ಒರೆಸಲು ನೋಡಿದರು. "ವಾಸ್ತು ಕೆಟ್ಟೋಯ್ತದೆ, ಸುಮ್ಕಿರವ್ವ" ಎಂದು ಮಗ ಗದರಿದರು. ಆಕೆ ಸದ್ಯಕ್ಕೆ ವಾಸವಿದ್ದ ಕೊಟ್ಟಿಗೆಯೊಳಗೆ ಹೋದರು.

ಅದೇ ಗೋಡೆಯ ಪಿಲ್ಲರ್ ಗುಂಡಿಗೆ ನನ್ನ ತಮ್ಮ ಇಳಿದು ಕಂಬಿ ಜಾಲರಿ ಹಾಸುತ್ತಿದ್ದ. ನಾನು ಬೀಡಿ ಹಚ್ಚಲು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಅವನಿಲ್ಲ. ಜಾಲರಿ ಓರೆಯಾಗಿ ನಿಂತಿದೆ, ಗುಂಡಿಯ ತಳದಲ್ಲಿ ಒಬ್ಬ ಮನುಷ್ಯ ತೂರುವಷ್ಟು ಕಪ್ಪು ತೂತು. ಗುಂಡಿಯ ಅಂಚಿಗೆ ಓಡಿ ಬಗ್ಗಿ ಕೂಗಿದೆ.

"ಲೇ, ಇದ್ದೀಯೇನ್ಲಾ?"

"ಅಣ್ಣಾ, ಉಸ್ರಾಡಕ್ಕಾಯ್ತಿಲ್ಲ ಕಣಣ್ಣ."

ಅಷ್ಟೇ. ಮತ್ತೆಷ್ಟು ಕೂಗಿದರೂ ದನಿಯಿಲ್ಲ. ನಮ್ಮ ಮೇಸ್ತ್ರಿ ಹಗ್ಗ ಹಿಡಿದು ಧುಮುಕಲು ಹೊರಟಾಗ ಆ ತಾಯಿ ಓಡಿ ಬಂದು ಅವನ ಅಂಗಿ ಹಿಡಿದೆಳೆದರು. "ಇಳೀಬ್ಯಾಡ ಕಣ್ಲಾ, ಅದು ಅಗೇವು. ಒಳೀಕೆ ಕೆಟ್ ಗಾಳಿ ತುಂಬ್ಕಂಡದೆ. ಇಳ್ದೋನು ಮ್ಯಾಕ್ ಬರಾಕಿಲ್ಲ."

ಹಗೇವು! ಹಿಂದಿನವರು ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದುಬಿಡುತ್ತಿದ್ದ ನೆಲದೊಳಗಿನ ಕಣಜ. ಟ್ರಾಕ್ಟರಿನವನೇ ಕಂಪ್ರೆಸರ್ ಪೈಪು ಎಳೆತಂದು ತೂತಿನೊಳಗೆ ಇಳಿಬಿಟ್ಟು ಗಾಳಿ ತಿರುಗಿಸಿದ. ಹುಳುಕು ರಾಗಿಯ ವಾಸನೆ ಗುಪ್ಪೆಂದು ಮೇಲೆದ್ದಿತು. ಆಮೇಲೆ ಮೇಸ್ತ್ರಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ, ನಾವೆಲ್ಲ ಸೇರಿ ಇಬ್ಬರನ್ನೂ ಎಳೆದೆವು. ತಮ್ಮನ ತುಟಿ ನೀಲಿಗಟ್ಟಿತ್ತು. ಮರಳಿನ ರಾಶಿಯ ಪಕ್ಕ ಮಲಗಿಸಿ ಎದೆ ಉಜ್ಜಿದೆ. ಕೆಮ್ಮಿದ. ನಾನು ಅಲ್ಲೇ ಕೂತು ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಯಜಮಾನರು ಓಡಿ ಬಂದವರು ಮೊದಲು ಹೇಳಿದ್ದೇನು ಗೊತ್ತೆ? "ಕರಾರ್ನಲ್ಲಿ ಬರ್ದಿದೀವಲ್ಲ, ಏನ್ ಸಿಕ್ರೂ ನಿಮ್ದೇ ಅಂತ." ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ, ಅಷ್ಟರಲ್ಲಿ ಅವರ ತಾಯಿ ನನ್ನ ತೋಳು ಹಿಡಿದು ಮೆಲ್ಲಗೆ, "ಅಲ್ಲಿ ಮನಗಿಸ್ಬ್ಯಾಡಿ ಕಣಪ್ಪ. ಅದ್ರಡೀಲೂ ಒಂದದೆ" ಅಂದರು.

ನಾವು ತಮ್ಮನನ್ನು ಬಾಚಿ ಎತ್ತಿಕೊಂಡು ರಸ್ತೆಗೆ ಓಡಿದೆವು. ಆಸ್ಪತ್ರೆಗೆ ಆಟೋ ಹತ್ತಿಸಿ, ಮೇಸ್ತ್ರಿಯನ್ನು ಜೊತೆಗೆ ಕಳಿಸಿ, ವಾಪಸು ಬಂದು ಕೇಳಿದೆ: "ಗೊತ್ತಿದ್ದೂ ಯಾಕ್ ತಾಯಿ ಹೇಳ್ನಿಲ್ಲ?"

"ಮನೆ ಅಗೇವ ಹೊರಗ್ನೋರ್ಗೆ ತೋರುಸ್ತಾರಾ? ನಮ್ಮತ್ತೆ ಹಾಸ್ಗೆ ಹಿಡಿಯೋಗಂಟ ನಂಗೇ ತೋರ್ಸಿರ್ನಿಲ್ಲ. ಇವ್ನಿಗೂ ನಾನಿನ್ನೂ ಯೇಳಿಲ್ಲ."

ಮಗ ಬಾಯಿ ತೆರೆದು ತಾಯಿಯನ್ನೇ ನೋಡುತ್ತ ನಿಂತಿದ್ದರು. ಹುಟ್ಟಿ ಬೆಳೆದ ಮನೆಯ ನೆಲ ಅವರಿಗೂ ಗೊತ್ತಿರಲಿಲ್ಲ.

"ಹೋಗ್ಲಿ, ಒಟ್ಟು ಎಷ್ಟವೆ ಹೇಳಿ" ಅಂದೆ.

ಗಲಾಟೆ ಕೇಳಿ ಅರ್ಧ ಊರೇ ಬಂದು ಸೇರಿತ್ತು. ನನ್ನ ಆಳುಗಳು ಪಾಯದ ತುಂಬ ಅಲ್ಲೊಬ್ಬ ಇಲ್ಲೊಬ್ಬ ನಿಂತಿದ್ದರು. ಆ ತಾಯಿ ನೆರೆದವರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನಾಗಿಬಿಟ್ಟರು.