ಅಂಗೈಯಲ್ಲಿ ಉಳಿದ ಹೊಗೆ

ಗ್ಲಾಸಿಗೆ ಮೂಗು ಹಚ್ಚಿದ ಕೂಡಲೇ ನಾನು ಹೇಳಿಬಿಟ್ಟೆ: "ಇದು ಅಕ್ಕಿ ಗಿರಣಿ ಬಾಯ್ಲರ್ ಖೋಲಿ ವಾಸನಿ ಅದ."

ಸುತ್ತ ಕೂತ ನಾಲ್ಕೂ ಗಂಡಸರು ನಕ್ಕರು. ರಾಯಚೂರಿನಲ್ಲಿ, ನಮ್ಮ ಕಾಲೇಜಿನ ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ ಸೇರಿದ್ದೆವು. ಅವರು ಸ್ಕಾಟ್ಲೆಂಡಿನಿಂದ ತಂದ ಸಿಂಗಲ್ ಮಾಲ್ಟ್ ಬಾಟಲಿ ತೆರೆದಿದ್ದರು. ಹೊಗೆಯಲ್ಲಿ ಒಣಗಿಸಿದ ಬಾರ್ಲಿಯಿಂದ ಇಳಿಸಿದ ವಿಸ್ಕಿ ಅದು ಎಂದರು. ಎಲ್ಲರ ಮುಂದೆ ಒಂದೊಂದು ಹಾಳೆ: ವಾಸನೆ, ರುಚಿ, ಹತ್ತಕ್ಕೆ ಅಂಕ, ಪರೀಕ್ಷಿಸಿದವರ ಹೆಸರು. ಯಾವ ಯಾವ ವಾಸನೆ ಸಿಗಬೇಕೆಂಬ ಪಟ್ಟಿಯೂ ಕೆಳಗೆ ಅಚ್ಚಾಗಿತ್ತು. ಸಮುದ್ರದ ಪಾಚಿ, ಟಾರು, ಹಡಗಿನ ಹಗ್ಗ. ನಾನು ಸಮುದ್ರ ಕಂಡದ್ದು ಒಂದೇ ಸಲ, ಅದೂ ಪ್ರವಾಸಕ್ಕೆ ಬಂದ ವಿದ್ಯಾರ್ಥಿಗಳನ್ನು ಕಾಯುವ ಗಡಿಬಿಡಿಯಲ್ಲಿ. ಹಡಗಿನ ಹಗ್ಗ ಮೂಸಲು ಪುರಸೊತ್ತಾಗಲಿಲ್ಲ.

"ಮೇಡಂ, ಗಿರಣಿ ವಾಸನಿ ನೋಡಾಕ ಸ್ಕಾಟ್ಲೆಂಡ್ ಯಾಕ್ ಬೇಕ್ರಿ? ಸ್ಟೇಷನ್ ದಾಟಿದ್ರ ಸಾಕು," ಎಂದ ಅವರಲ್ಲೊಬ್ಬ, ಮಾನ್ವಿಯ ಹತ್ತಿ ವ್ಯಾಪಾರಿ.

ನಾನು ನಾಲ್ಕು ಹನಿ ಅಂಗೈಗೆ ಸುರಿದುಕೊಂಡು, ಎರಡೂ ಕೈ ಬಿಸಿಯಾಗುವಂತೆ ಉಜ್ಜಿ ಮೂಸಿದೆ. ಅವರು ಇನ್ನೂ ಜೋರಾಗಿ ನಕ್ಕರು.

ಇದು ನಮ್ಮವ್ವನ ಪದ್ಧತಿ. ಅವಳು ಅಕ್ಕಿ ಗಿರಣಿಯಲ್ಲಿ, ಕುಸುಬಲಕ್ಕಿಗಾಗಿ ಭತ್ತ ನೆನೆಹಾಕುವ ತೊಟ್ಟಿಗಳ ಬಳಿ ಕೆಲಸಕ್ಕಿದ್ದಳು. ಒಂದು ಹಿಡಿ ಭತ್ತ ತೆಗೆದು, ಅಂಗೈಯಲ್ಲಿ ಉಜ್ಜಿ ಮೂಸಿ, "ಇವತ್ತ ಉಗಿ ಕೊಡ್ರಿ, ನಾಳಿಗಿ ಹುಳಿ ಬರ್ತದ" ಎನ್ನುತ್ತಿದ್ದಳು. ಒಮ್ಮೆ ಮೇಸ್ತ್ರಿ ಕೇಳಲಿಲ್ಲ. ಆ ತೊಟ್ಟಿಯ ಅಕ್ಕಿ ನಾರಿತು. ಅಂದಿನಿಂದ ಅವ್ವನನ್ನು ಕರೆಯದೆ ಉಗಿ ಬಿಡುತ್ತಿರಲಿಲ್ಲ. ಆದರೆ ಮಾಲೀಕರು ಬಂದು ಕೇಳಿದರೆ ಮೇಸ್ತ್ರಿ "ನಾನ ನೋಡೀನ್ರಿ" ಎನ್ನುತ್ತಿದ್ದ. ಅವ್ವ ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತಿರುತ್ತಿದ್ದಳು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಕುಡಿದು ನೋಡಿದೆ. ಮೊದಲ ಗುಟುಕಿಗೆ ದವಾಖಾನೆಯ ಟಿಂಚರು, ಅದರ ಹಿಂದೆಯೇ ಸೀದ ಬೆಲ್ಲ, ಆಮೇಲೆ ನಾಲಿಗೆಯ ಮೇಲೆ ಬೂದಿ. ಸ್ವಲ್ಪ ನೀರು ಬೆರೆಸಿದರೆ ಹೊಗೆ ಉಳಿಯಿತು, ಸಿಹಿ ಓಡಿಹೋಯಿತು. ಒಳ್ಳೆಯ ವಿಸ್ಕಿ, ಆದರೆ ನೀರಿಗೆ ಸೋಲುವ ವಿಸ್ಕಿ. ವಾಸನೆಯ ಮುಂದೆ 'ಹೊಟ್ಟಿನ ಹೊಗೆ' ಎಂದು ಬರೆದೆ; ಗಿರಣಿಯ ಬಾಯ್ಲರಿನಲ್ಲಿ ಉರಿಸುವುದು ಭತ್ತದ ಹೊಟ್ಟನ್ನೇ. ಏಳು ಅಂಕ ಕೊಟ್ಟೆ. ಉಳಿದವರು ಬಾಟಲಿಯ ಮೇಲಿನ ವಯಸ್ಸು ನೋಡಿ ಒಂಬತ್ತು ಬರೆದಿದ್ದರು.

ಪ್ರಾಧ್ಯಾಪಕರು ನನ್ನ ಹಾಳೆ ಓದಿ ತಲೆ ಅಲ್ಲಾಡಿಸಿದರು. "ಹೊಟ್ಟಿನ ಹೊಗಿ ಅಂತ ಬರದ್ರ ಹ್ಯಾಂಗ್ರಿ? ಬೆಂಗಳೂರಿನ ಗೆಳೆಯರಿಗೆ ಈ ಹಾಳಿ ಕಳಸಾಂವ ಇದ್ದೀನಿ. ಪಟ್ಟಿಯೊಳಗಿಂದ ಒಂದ್ ಆರಿಸ್ರಿ. ಈ ರುಚಿ ತಿಳೀಬೇಕಂದ್ರ ಒಂದ್ ಸಂಸ್ಕಾರ ಬೇಕಾಗ್ತದ."

ಆ ಸಂಸ್ಕಾರ ಯಾರ ಮನೆಯಲ್ಲಿರುತ್ತದೆ, ಯಾರ ಮನೆಯಲ್ಲಿರುವುದಿಲ್ಲ ಎಂಬುದನ್ನು ನಾನು ಶಾಲೆಗೆ ಸೇರಿದ ದಿನದಿಂದ ಕೇಳುತ್ತ ಬಂದವಳು. ಮೈ ಉರಿಯಿತು.

"ಮೂಗು ನಂದದ ಸರ್. ಬರಿಯಾಕಿನೂ ನಾನ," ಎಂದೆ.

"ಹಂಗಾದ್ರ ನಿಮ್ದು ಬಿಟ್ಟು ಕಳಸ್ತೀನಿ."

"ಬಿಡಾಕ ನಿಮ್ಮ ಕೈಯಾಗ ಇರಬೇಕಲ್ರಿ." ಹಾಳೆ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಆಟೋ ಹತ್ತಿದೆ.

ಮನೆಯಲ್ಲಿ ಅವ್ವ ಟಿವಿ ನೋಡುತ್ತಿದ್ದಳು. ಪಕ್ಕದಲ್ಲಿ ಕೂತದ್ದೇ ತಡ, ನನ್ನ ಕೈ ಎಳೆದುಕೊಂಡು ಮೂಗಿಗೆ ಹಿಡಿದಳು.

"ಕುಡದ್ ಬಂದಿಯೇನು?"

"ಹೂಂ. ಹೊಟ್ಟಿನ ಹೊಗಿ ವಾಸನಿ ಐತಿಲ್ಲೋ ಹೇಳು."

ಮತ್ತೊಮ್ಮೆ ಮೂಸಿದಳು. "ಇಲ್ಲ. ನಿಂದು ತಪ್ಪದ. ಹೊಟ್ಟಿನ ಹೊಗಿ ಗಂಟಲ ಕೆರೀತದ. ಇದು ಹಸಿ ಮಣ್ಣು ಸುಟ್ಟ ಹೊಗಿ. ಹುಲ್ಲು, ಬೇರು ಕೂಡಿದ ಮಣ್ಣು. ಮಸರಕಲ್ ಕಡಿ ಇಟ್ಟಂಗಿ ಭಟ್ಟಿಗಿ ಮೊದಲ ಬೆಂಕಿ ಇಟ್ಟಾಗ ಹಿಂಗ ಬರ್ತಿತ್ತು."

ಮದುವೆಗೆ ಮೊದಲು ಅವಳು ದೇವದುರ್ಗ ತಾಲ್ಲೂಕಿನ ಆ ಭಟ್ಟಿಗಳಲ್ಲಿ ಇಟ್ಟಿಗೆ ಹೊತ್ತವಳು. ನಾನು ಫೋನು ತೆಗೆದು ಹುಡುಕಿದೆ. ಸ್ಕಾಟ್ಲೆಂಡಿನಲ್ಲಿ ಬಾರ್ಲಿ ಒಣಗಿಸಲು ಏನನ್ನು ಸುಡುತ್ತಾರೆಂದು ಮಧ್ಯಾಹ್ನ ಒಬ್ಬರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಜೌಗು ನೆಲದಿಂದ ಕಡಿದ ಮಣ್ಣಿನ ಹೆಂಟೆಗಳನ್ನಂತೆ. ಸಾವಿರಾರು ವರ್ಷಗಳ ಹುಲ್ಲು, ಬೇರು ಕೊಳೆತು ಆದ ಮಣ್ಣು. ಪ್ರಾಧ್ಯಾಪಕರ ಪಟ್ಟಿಯಲ್ಲಿ ಮಣ್ಣು ಎಂಬ ಮಾತೇ ಇರಲಿಲ್ಲ.

ಹಾಳೆ ಬಿಡಿಸಿ, ಯಾರು ಹೇಳಿದರೂ ಹೊಡೆಯದಿದ್ದ ಸಾಲನ್ನು ನಾನೇ ಹೊಡೆದುಹಾಕಿದೆ. 'ಹಸಿ ಮಣ್ಣು ಸುಟ್ಟ ಹೊಗೆ' ಎಂದು ಬರೆದೆ. ಪರೀಕ್ಷಿಸಿದವರು ಎಂಬಲ್ಲಿ ನನ್ನ ಹೆಸರು ಹೊಡೆದು ಅವ್ವನ ಹೆಸರು ಬರೆಯಹೋದೆ.

ಅವ್ವ ತಡೆದಳು. "ರುಚಿ ನೀ ನೋಡೀದಿ, ಅದು ನಿಂದ ಇರಲಿ. ವಾಸನಿ ಮುಂದ ಅಷ್ಟ ನನ್ನ ಹೆಸರು ಹಾಕು." ಸ್ವಲ್ಪ ಹೊತ್ತು ಟಿವಿ ನೋಡಿ, ಮತ್ತೆ ನನ್ನ ಕಡೆ ತಿರುಗಿ ಹೇಳಿದಳು: "ದೊಡ್ಡದಾಗಿ ಬರಿ."

ಬರೆದೆ. ಫೋಟೋ ತೆಗೆದು ಪ್ರಾಧ್ಯಾಪಕರಿಗೆ ಕಳಿಸಿದೆ. ಅಂಕ ಏಳೇ ಇತ್ತು.